ಹಾಸು ಕೆಂಪು, ಉಳಿದದ್ದು ನೀಲಿ

ಒಣಗಾಳಿಯ ಕಾಲ. ಕೊಯ್ಲು ಮುಗಿದ ಹೊಲಗಳಿಂದ ಎದ್ದ ಹೊಟ್ಟು ಊರೊಳಕ್ಕೆ ಬಂದು ಕಿಟಕಿಯ ಸಂದಿಗಳಲ್ಲಿ, ಹಗ್ಗದ ಮೇಲೆ ಹರವಿದ ಬಟ್ಟೆಗಳ ಮಡಿಕೆಗಳಲ್ಲಿ, ಬೀದಿಯಲ್ಲಿ ನಿಂತು ಹರಟುವವರ ಬಾಯಲ್ಲಿ ಕೂಡ ಸೇರಿಕೊಳ್ಳುತ್ತಿತ್ತು. ಈ ಗಾಳಿಯೆಂದರೆ ಮೇಸ್ತ್ರಿಗೆ ಬಲು ಪ್ರೀತಿ. ಹಲಗೆಗಳು ಹದವಾಗಿ ಒಣಗಿ, ಬೆರಳಲ್ಲಿ ತಟ್ಟಿದರೆ ಟಣ್ ಎನ್ನುತ್ತವೆ. ಕೀಸುಳಿ ಆಡಿಸಿದರೆ ಮರ ಸುರುಳಿ ಸುರುಳಿಯಾಗಿ ಏಳುತ್ತದೆ. ಬೆಳಿಗ್ಗೆ ಹಾಕಿದ ಅಂಟು ಮಧ್ಯಾಹ್ನಕ್ಕೆಲ್ಲ ಹಿಡಿದುಬಿಡುತ್ತದೆ. ಅವತ್ತೂ ಅವನು ಎದ್ದವನೇ ಯಾರದೋ ಮಂಚದ ಕಾಲುಗಳನ್ನು ಮುಂದಿಟ್ಟುಕೊಂಡು ಕೂತಿದ್ದ. ಪಾದ ಮುಚ್ಚುವಷ್ಟು ಸುರುಳಿ ಬಿದ್ದಿದ್ದರೂ ಗುಡಿಸುವ ಮನಸ್ಸಾಗಿರಲಿಲ್ಲ.

ಗೋಡೆಯಾಚೆ ಮಗ್ಗದಮ್ಮನಿಗೆ ಇದೇ ಗಾಳಿ ಶತ್ರು. ಒಣಹವೆಯಲ್ಲಿ ಹತ್ತಿಯ ನೂಲಿಗೆ ಸಿಡುಕು ಹೆಚ್ಚು. ಸ್ವಲ್ಪ ಜಗ್ಗಿದರೆ ಪಟ್ ಎಂದು ಹರಿಯುತ್ತದೆ. ಅವಳು ಗಳಿಗೆಗೊಮ್ಮೆ ಎದ್ದು ಚೊಂಬಿನ ನೀರನ್ನು ಮಣ್ಣಿನ ನೆಲಕ್ಕೆ ಚಿಮುಕಿಸಿ, ಮಗ್ಗದ ಕೆಳಗಿನ ಗೋಣಿಯನ್ನು ಮತ್ತೆ ಒದ್ದೆ ಮಾಡಿ, ಬಂದು ಕೂರುತ್ತಿದ್ದಳು. ಆ ತೇವ ಗೋಡೆಗೆ ಏರಿ, ಗೋಡೆ ದಾಟಿ, ಈಚೆಗೆ ಒರಗಿಸಿಟ್ಟ ಹಲಗೆಗಳ ಬುಡಕ್ಕೆ ಇಳಿಯುತ್ತಿತ್ತು.

"ಬೀಗಿತ್ತಿಯವರೇ, ನನ್ನ ಹಲಗೆಗೆಲ್ಲ ನೆಗಡಿ ಹಿಡೀತಿದೆ!" ಎಂದು ಮೇಸ್ತ್ರಿ ಗೋಡೆಗೆ ಕೇಳುವಂತೆ ಕೂಗಿದ.

"ನನ್ನ ನೂಲಿಗೆ ಬಾಯಾರಿಕೆ ಬೀಗ್ರೇ. ಕುಡಿಯೋರಿಗೆ ಬೇಡ ಅನ್ನೋಕಾಗುತ್ತಾ?" ಎಂದು ಗೋಡೆ ಉತ್ತರಿಸಿತು.

ಅವನ ಮಗ ಅವಳ ಮಗಳನ್ನು ಮದುವೆಯಾಗಿ ಇಬ್ಬರೂ ಬೀಗರಾಗಿದ್ದು ಈಚಿನ ಮಾತು. ಒಂದೇ ಅಂಗಳದ ಎರಡು ಶೆಡ್ಡುಗಳಲ್ಲಿ ಅಕ್ಕಪಕ್ಕ ಜಗಳವಾಡುತ್ತಿದ್ದದ್ದು ಅದಕ್ಕಿಂತ ಬಹಳ ಹಳೆಯದು. ಮೊದಲೆಲ್ಲ ಜಗಳಕ್ಕೆ ಹೊತ್ತುಗೊತ್ತು ಇರುತ್ತಿರಲಿಲ್ಲ. ನಂಟಸ್ತಿಕೆಯಾದ ಮೇಲೆ ಅದಕ್ಕೊಂದು ಗಾಂಭೀರ್ಯ ಬಂದಿತ್ತು. ಕೋಪ ಏರಿದಷ್ಟೂ ಇಬ್ಬರ ಮಾತಿನಲ್ಲಿ ಮರ್ಯಾದೆ ಏರುತ್ತಿತ್ತು. "ಬೀಗ್ರೇ" ಎಂದರೆ ಎಲ್ಲ ಸರಿಯಾಗಿದೆ ಎಂದು ಅರ್ಥ. "ಬೀಗರು ದಯವಿಟ್ಟು ಒಂದು ಮಾತು ಕೇಳಿಸಿಕೊಳ್ಳಬೇಕು" ಎಂದರೆ ಹತ್ತಿರ ಸುತ್ತಿಗೆ ಇಡಬಾರದು.

ಜಗಳದ ಬೇರು ಇದ್ದದ್ದು ಜಾಗದಲ್ಲಿ. ಮಗ್ಗದಮ್ಮನ ಶೆಡ್ಡು ಉದ್ದವಾದದ್ದು. ಅದರ ಒಂದು ಮೂಲೆಯಲ್ಲಿ ಚಿಕ್ಕ ಮಗ್ಗ. ಟವೆಲ್ಲು, ಮೇಜಿನ ಬಟ್ಟೆ, ಅವಳ ದಿನದ ಕೆಲಸವೆಲ್ಲ ಅದರ ಮೇಲೆ. ಉಳಿದರ್ಧ ಶೆಡ್ಡಿನಲ್ಲಿ ದೊಡ್ಡ ಮಗ್ಗ ಹಳೆಯ ದುಪ್ಪಟಿ ಹೊದ್ದು ಸುಮ್ಮನೆ ಕೂತಿತ್ತು. ಅಗಲದ ಬಟ್ಟೆ ಕೇಳುವವರು ಕಡಿಮೆಯಾಗಿ ಅದು ಸದ್ದು ಮಾಡಿ ಬಹಳ ಕಾಲವಾಗಿತ್ತು. ಇತ್ತ ಮೇಸ್ತ್ರಿಯ ಒಳ್ಳೊಳ್ಳೆಯ ಹಲಗೆಗಳು ಒಳಗೆ ಜಾಗವಿಲ್ಲದೆ ಅಂಗಳದ ಬಿಸಿಲಲ್ಲಿ ನಿಂತು ತುದಿಯಲ್ಲಿ ಸೀಳುತ್ತಿದ್ದವು. ಚಹಾ ಕುಡಿಯುವಾಗಲೆಲ್ಲ ಅವನ ಕಣ್ಣು ಆ ದುಪ್ಪಟಿಯ ಕಡೆಗೇ. ಆ ನೋಟ ಮಗ್ಗದಮ್ಮನಿಗೆ ಕಾಣದೇ ಇರುತ್ತಿರಲಿಲ್ಲ.

ಈ ಎರಡೂ ಮನೆಗೆ ಸೇರಿದವಳು ಮಗ್ಗದಮ್ಮನ ಮಗಳು. ಇವಳಿಗೆ ಮಗಳು, ಅವನಿಗೆ ಸೊಸೆ. ಸೀರೆ ಉಟ್ಟು ಸಂಸಾರ ನಡೆಸುವವಳಾದರೂ ಎರಡೂ ಮನೆಗೆ ಅವಳು ಪುಟ್ಟಿಯೇ. ಇಬ್ಬರ ಸರಕನ್ನೂ ಸೈಕಲ್ ಹಿಂದೆ ಕಟ್ಟಿಕೊಂಡು ಪೇಟೆಗೆ ಒಯ್ಯುವವಳು ಅವಳೇ. ಅವತ್ತು ಮಧ್ಯಾಹ್ನ ಪೇಟೆಯಿಂದ ಬಂದವಳು ಸೈಕಲ್ಲನ್ನು ಗೋಡೆಗೆ ಒರಗಿಸುವ ಮೊದಲೇ ಕೂಗಿದಳು.

"ಅಮ್ಮಾ, ಮಾವಾ, ಇಬ್ಬರೂ ಬನ್ನಿ ಹೊರಗೆ! ಹಲ್ಲಿನ ಡಾಕ್ಟ್ರು ಹೊಸ ಕೋಣೆ ಕಟ್ಟಿಸಿದಾರೆ. ಕಾಯೋರಿಗೆ ಆರು ಕುರ್ಚಿ ಬೇಕಂತೆ. ಮರ ಮಾವನದು, ಬಟ್ಟೆ ಅಮ್ಮನದು ಅಂತ ಹೇಳಿ ಬಂದಿದೀನಿ. ಹಿಡಿಸಿದ್ರೆ ಆಮೇಲೆ ಗೋಡೆ ಉದ್ದಕ್ಕೂ ಒಂದು ಬೆಂಚು."

"ಕುರ್ಚಿಗೆ ಬಟ್ಟೆ ಯಾಕೆ?" ಮೇಸ್ತ್ರಿ ಹುಬ್ಬು ಗಂಟಿಕ್ಕಿದ. "ಒಳ್ಳೆ ಮರಕ್ಕೆ ಬಟ್ಟೆ ಸುತ್ತೋದು ಅಂದ್ರೆ ಚೆನ್ನಾಗಿ ಹಾಡೋನ ಬಾಯಿಗೆ ಕರವಸ್ತ್ರ ತುರುಕಿದ ಹಾಗೆ."

"ನಿಮ್ಮ ಒಳ್ಳೆ ಮರದ ಮೇಲೆ ಅರ್ಧ ಗಂಟೆ ಕೂತ್ರೆ ಎಬ್ಬಿಸೋಕೆ ಇಬ್ಬರು ಆಳು ಬೇಕು ಬೀಗ್ರೇ," ಎಂದಳು ಮಗ್ಗದಮ್ಮ.

"ಹಲ್ಲು ನೋವು ಇರೋರಿಗೆ ಅಲ್ಲೂ ನೋವಾದ್ರೆ ಹಲ್ಲು ಮರ್ತುಹೋಗುತ್ತೆ. ಒಳ್ಳೇದೇ ಅಲ್ವಾ?"

ಪುಟ್ಟಿ ನಗಲಿಲ್ಲ. "ಅಗಲದ ಬಟ್ಟೆ ಬೇಕು. ದೊಡ್ಡ ಮಗ್ಗದ ಮೇಲೇ ಆಗಬೇಕು," ಎಂದಳು.

ದೊಡ್ಡ ಮಗ್ಗ ಎಂದದ್ದೇ ಇಬ್ಬರ ಕಣ್ಣೂ ಆ ದುಪ್ಪಟಿಯ ಕಡೆ ಹೋಯಿತು. ಮೇಸ್ತ್ರಿ ಗಂಟಲು ಸರಿಮಾಡಿಕೊಂಡ.

"ಆಗ್ಲಿ. ನನ್ನದೇನೂ ಅಡ್ಡಿ ಇಲ್ಲ. ಆದ್ರೆ ಆ ಡಾಕ್ಟ್ರು ಬಟ್ಟೆ ನೋಡಿ ಬೇಡ ಅಂದ್ರೆ? ಆಗ್ಲೂ ಆ ಮಗ್ಗ ಅಲ್ಲೇ ಮಲ್ಕೊಂಡಿರುತ್ತೋ?"

"ಬೇಡ ಅಂದ್ರೆ," ಮಗ್ಗದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು, "ನಾನೇ ಬಿಚ್ಚಿ ಅಟ್ಟಕ್ಕೆ ಹಾಕ್ತೀನಿ. ಆ ಜಾಗ ಬೀಗರೇ ಇಟ್ಕೊಳ್ಳಲಿ. ಹಲಗೆಗಳ ಜೊತೆ ಅಲ್ಲೇ ಮಲಗಲಿ."

ಆಡಿದ ಮೇಲೆ ಅವಳಿಗೆ ನಾಲಗೆ ಕಚ್ಚಿಕೊಳ್ಳುವಂತಾಯಿತು. ಒಮ್ಮೆ ಬಿಚ್ಚಿದ ಮಗ್ಗವನ್ನು ಮತ್ತೆ ಕಟ್ಟುವ ದಿನ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಚಿಕ್ಕ ಮಗ್ಗದಲ್ಲಿ ಲಾಳಿ ಈ ಕೈಯಿಂದ ಆ ಕೈಗೆ ಸುಮ್ಮನೆ ದಾಟುತ್ತದೆ, ಪಕ್ಕದಲ್ಲಿ ಕೂತವರಿಗೆ ತಟ್ಟೆ ದಾಟಿಸಿದ ಹಾಗೆ. ದೊಡ್ಡ ಮಗ್ಗದಲ್ಲಿ ಎರಡೂ ತೋಳು ಬಿಚ್ಚಿ ಎಸೆಯಬೇಕು, ಅದು ಹಾರಿಹೋಗಿ ಆ ದಡ ಮುಟ್ಟಬೇಕು. ಎಷ್ಟೋ ದಿನ ಟವೆಲ್ಲು ನೇಯುವಾಗ ಅವಳ ಭುಜ ಸುಮ್ಮಸುಮ್ಮನೆ ಆ ಎಸೆತವನ್ನು ನೆನೆಸಿಕೊಳ್ಳುತ್ತಿತ್ತು. ಆದರೆ ಆಡಿಯಾಗಿತ್ತು. ಮೇಸ್ತ್ರಿ ಆಗಲೇ ಕಣ್ಣಲ್ಲಿ ಹಲಗೆ ಜೋಡಿಸುತ್ತಿದ್ದ.

ಮಾರನೆಯ ದಿನ ಮೇಸ್ತ್ರಿ ಅಳತೆ ತೆಗೆಯಲು ಡಾಕ್ಟರ ಕೋಣೆಗೆ ಹೋದ. ಡಾಕ್ಟರು ಬಲು ಅಚ್ಚುಕಟ್ಟಿನ ಮನುಷ್ಯರು. ಕೂರುವ ಜಾಗ ಕೆಂಪು ಇರಲಿ, ಏನು ಬಿದ್ದರೂ ಕಾಣುವುದಿಲ್ಲ. ಬೆನ್ನಿನ ಕಡೆ ನೀಲಿ ಇರಲಿ, ಎದುರು ಕೂತವರಿಗೆ ನೋಡಿ ಸಮಾಧಾನವಾಗುತ್ತದೆ. ನೂಲು ಹೊಳಪಿನದಾಗಿರಲಿ, ಒರೆಸಲು ಸುಲಭ, ಎಂದರು. ಎಲ್ಲವನ್ನೂ ತಲೆಯಲ್ಲಿ ಇಟ್ಟುಕೊಂಡು ಬಂದ ಮೇಸ್ತ್ರಿ ಅಂಗಳಕ್ಕೆ ಕಾಲಿಡುತ್ತಲೇ ಗೋಡೆಗೆ ಕೂಗಿದ.

"ಬೀಗಿತ್ತಿಯವರೇ! ಹೊಳಪು ನೂಲು. ಹಾಸು ಕೆಂಪು, ಉಳಿದದ್ದು ನೀಲಿ!"

ಚಿಕ್ಕ ಮಗ್ಗದ ಸದ್ದು ನಿಂತಿತು. "ಹಾಸು ಕೆಂಪು, ಉಳಿದದ್ದು ನೀಲಿ. ಸರಿಯಾಗಿ ಕೇಳ್ಕೊಂಡ್ರಾ ಬೀಗ್ರೇ?"

"ಕಿವಿ ಎರಡೂ ನೆಟ್ಟಗಿದೆ!"

"ಹಾಗಾದ್ರೆ ನಿಮ್ಮ ಡಾಕ್ಟ್ರಿಗೆ ಬಟ್ಟೆ ಗೊತ್ತು," ಎಂದು ಮಗ್ಗದಮ್ಮ ಮೆಚ್ಚಿಕೊಂಡಳು.

ಅಂಗಳದ ನಡುವೆ ನೂಲಿನ ಲಡಿ ಒಣಹಾಕುತ್ತಿದ್ದ ಪುಟ್ಟಿ ಈ ಮಾತನ್ನು ಎರಡೂ ಕಿವಿಯಿಂದ ಕೇಳಿದಳು. ಎರಡೂ ಕಿವಿಗೆ ಸರಿಯಾಗಿಯೇ ಇತ್ತು. ತನ್ನ ಪಾಡಿಗೆ ಲಡಿ ಕೊಡವಿ ಹಗ್ಗಕ್ಕೆ ಹಾಕಿದಳು.

ಆಮೇಲೆ ಕೆಲಸವೋ ಕೆಲಸ. ದುಪ್ಪಟಿ ಸರಿಸಿ ದೊಡ್ಡ ಮಗ್ಗವನ್ನು ಒರೆಸಿ, ಜೇಡರ ಮನೆಗಳನ್ನು ತೆಗೆದು, ಕೆಂಪು ನೂಲಿನ ಎಳೆಗಳನ್ನು ಒಂದೊಂದಾಗಿ ಹಣಿಗೆಯ ಹಲ್ಲುಗಳಲ್ಲಿ ಪೋಣಿಸುವ ಹೊತ್ತಿಗೆ ಮಗ್ಗದಮ್ಮನ ಕಣ್ಣೂ ಕೆಂಪಾಗಿತ್ತು. ಆದರೆ ಮೊದಲ ಸಲ ಲಾಳಿ ಎಸೆದಾಗ ಅವಳ ಮುಖ ನೋಡಿದ್ದರೆ, ಹೊಳೆಯ ಆ ದಡಕ್ಕೆ ಕಲ್ಲು ಮುಟ್ಟಿಸಿದ ಹುಡುಗಿ ಎನ್ನಬೇಕಿತ್ತು. ಗೋಡೆಯ ಈಚೆ ಮೇಸ್ತ್ರಿ ಆರು ಕುರ್ಚಿಗಳ ಚೌಕಟ್ಟು ಎಬ್ಬಿಸುತ್ತಿದ್ದ. ಬೆನ್ನು ಎಷ್ಟು ವಾಲಬೇಕೆಂದು ತಾನೇ ಕೂತು, ಕೆನ್ನೆಗೆ ಕೈ ಹಚ್ಚಿ, ಹಲ್ಲು ನೋವಿನವನಂತೆ ಮುಖ ಮಾಡಿ ನೋಡಿದ. ಪಾಲಿಶ್ ಹಚ್ಚುತ್ತಿದ್ದ ಮಗ, "ಇನ್ನೂ ಸ್ವಲ್ಪ ನರಳಿ ಅಪ್ಪ, ಆಗ ಸರಿಯಾಗಿ ಗೊತ್ತಾಗುತ್ತೆ," ಎಂದು ತಮಾಷೆ ಮಾಡಿದ.

ಒಬ್ಬರ ಕೆಲಸವನ್ನು ಮುಗಿಯುವ ಮುಂಚೆ ಇನ್ನೊಬ್ಬರು ಇಣುಕಿ ನೋಡುವ ಪದ್ಧತಿ ಅವರಲ್ಲಿರಲಿಲ್ಲ. ಅದು ಮರ್ಯಾದೆಯೂ ಹೌದು, ಹಟವೂ ಹೌದು. ಮೇಸ್ತ್ರಿಗೆ ಸದ್ದೊಂದೇ ಕೇಳುತ್ತಿತ್ತು. ದೊಡ್ಡ ಮಗ್ಗದ ಸದ್ದಿಗೆ ತನ್ನ ಸುತ್ತಿಗೆ ತಾನಾಗಿಯೇ ತಾಳ ಹಾಕುವುದನ್ನು ಗಮನಿಸಿ, ಬೇಕೆಂದೇ ತಪ್ಪಾಗಿ ಹೊಡೆಯುತ್ತಿದ್ದ.

ಬಟ್ಟೆ ಇಳಿಸಿದ ದಿನ ಆರೂ ಕುರ್ಚಿ ಅಂಗಳದಲ್ಲಿ ಸಾಲಾಗಿ ನಿಂತಿದ್ದವು. ಮಗ್ಗದಮ್ಮ ಸುರುಳಿಯನ್ನು ತೊಡೆಯ ಮೇಲಿಟ್ಟು ಬಿಚ್ಚಿ ಮೊದಲ ಕುರ್ಚಿಯ ಮೇಲೆ ಹರವಿದಳು. ಕೆಂಪಲ್ಲ, ನೀಲಿಯಲ್ಲ; ಸಂಜೆ ಮೋಡದ ಹಾಗೆ ಎರಡೂ ಒಂದರೊಳಗೊಂದು ಕಲೆತ ಬಣ್ಣ. ಅಲುಗಿದರೆ ಹೊಳೆಯುತ್ತಿತ್ತು.

ಮೇಸ್ತ್ರಿ ಅಂಚು ಎತ್ತಿ ಬೆರಳಲ್ಲಿ ಉಜ್ಜಿ ನೋಡಿದ.

"ಚೆನ್ನಾಗಿದೆ," ಎಂದ. "ಇದು ಯಾರಿಗೆ?"

"ಯಾರಿಗೆ ಅಂದ್ರೆ? ಡಾಕ್ಟ್ರಿಗೆ."

"ಡಾಕ್ಟ್ರದು ಕೆಂಪು ಬೇರೆ, ನೀಲಿ ಬೇರೆ. ಹಾಸು ಕೆಂಪು ಅಂದಿದ್ದೆ."

"ಹಾಸು ಕೆಂಪೇ ಹಾಕಿದೀನಿ! ಇಲ್ನೋಡಿ, ಉದ್ದಕ್ಕೆ ಹೋಗಿರೋ ಎಳೆ ಎಲ್ಲ ಕೆಂಪು. ಉಳಿದದ್ದು, ಅಡ್ಡ ಬರೋ ಹೊಕ್ಕು, ನೀಲಿ. ನೀವು ಹೇಳಿದ್ದು ಹಾಗೇ ತಾನೆ?"

"ಹಾಸು ಅಂದ್ರೆ ಇದು!" ಮೇಸ್ತ್ರಿ ಕುರ್ಚಿಯ ಕೂರುವ ಜಾಗಕ್ಕೆ ಅಂಗೈ ಬಡಿದ. "ಮಂಚದ ಹಾಸು, ಕುರ್ಚಿ ಹಾಸು. ಜನ ಕೂರೋದು, ಮಲಗೋದು. ನಮ್ಮಪ್ಪ ಅದನ್ನೇ ಹಾಸು ಅಂದ, ಅವರಪ್ಪನೂ ಅದನ್ನೇ ಅಂದ!"

"ನಮ್ಮನೇಲಿ ಮಗ್ಗಕ್ಕೆ ಮೊದಲು ಬಿಗಿಯೋ ನೂಲೇ ಹಾಸು. ನಾನು ತೊಟ್ಟಿಲಲ್ಲಿ ಇದ್ದಾಗಿಂದ."

"ಬೀಗಿತ್ತಿಯವರು ಸ್ವಲ್ಪ ಯೋಚನೆ ಮಾಡಬೇಕು," ಮೇಸ್ತ್ರಿಯ ಮಾತಿನಲ್ಲಿ ಮರ್ಯಾದೆ ಏರತೊಡಗಿತು. "ಮಲಗೋದಕ್ಕೆ ಹಾಸಿಗೆ ಅಂತ ಯಾಕೆ ಅಂತಾರೆ? ನೂಲಲ್ಲಿ ತೂಗುಹಾಕಿ ಮಲಗಿಸ್ತಾರೆ ಅಂತಾನಾ?"

"ಬೀಗರು ದೊಡ್ಡ ಮನಸ್ಸು ಮಾಡಿ ಉತ್ತರ ಹೇಳಬೇಕು. ಲೋಕವೆಲ್ಲ ಹಾಸುಹೊಕ್ಕು ಅನ್ನುತ್ತೆ. ಹಾಸುಬೆನ್ನು ಅಂತ ಯಾರಾದ್ರೂ ಅಂದಿದ್ದು ತಾವು ಕೇಳಿದೀರಾ?"

ಮೇಸ್ತ್ರಿ ಕೋಪವನ್ನೆಲ್ಲ ಸೊಸೆಯ ಕಡೆ ತಿರುಗಿಸಿದ. "ನೀನು ಅಲ್ಲೇ ನಿಂತಿದ್ಯಲ್ಲ ಪುಟ್ಟಿ, ನಿನಗೂ ಹೊಳೀಲಿಲ್ವಾ?"

"ನನಗೆ ಎರಡೂ ಹಾಸೇ ಮಾವ," ಎಂದಳು ಪುಟ್ಟಿ ಸಣ್ಣ ಮುಖ ಮಾಡಿಕೊಂಡು. "ಆ ಮನೇಲಿ ಅದು ಹಾಸು, ಈ ಮನೇಲಿ ಇದು. ಕೇಳಿದಾಗ ಎಲ್ಲ ಸರಿಯಾಗೇ ಇದೆ ಅನ್ನಿಸ್ತು."

ಕೆಂಪು ನೂಲು ಮುಗಿದಿತ್ತು, ನೀಲಿಯೂ ಮುಗಿದಿತ್ತು. ಡಾಕ್ಟರ ಕೋಣೆ ತೆರೆಯುವ ದಿನ ಹತ್ತಿರವಾಗಿತ್ತು. ಹೊಸ ನೂಲು ತಂದು, ಹದಮಾಡಿ, ಮತ್ತೆ ನೇಯಲು ಹೊತ್ತಿರಲಿಲ್ಲ. ಮಗ್ಗದಮ್ಮ ಬಟ್ಟೆಯನ್ನು ಮಡಿಸಲಿಲ್ಲ. ಹಾಗೇ ಕುರ್ಚಿಯ ಮೇಲೆ ಬಿಟ್ಟು, "ಮಾತು ಮಾತೇ. ಜಾಗ ನಿಮ್ಮದು ಬೀಗ್ರೇ," ಎಂದು ಒಳಗೆ ಹೋದಳು.

ಮೇಸ್ತ್ರಿ ತಡಮಾಡುವ ಪೈಕಿಯಲ್ಲ. ಅವತ್ತೇ ಸಂಜೆಯೊಳಗೆ ಮಗನನ್ನು ಸೇರಿಸಿಕೊಂಡು ಬಿಸಿಲಲ್ಲಿದ್ದ ಹಲಗೆಗಳನ್ನೆಲ್ಲ ಹೊತ್ತು ಉದ್ದ ಶೆಡ್ಡಿನೊಳಕ್ಕೆ ತಂದು, ದೊಡ್ಡ ಮಗ್ಗದ ಸುತ್ತ ಒರಗಿಸಿದ. ಮಗ್ಗ ಬಿಚ್ಚುವ ಮೊದಲೇ ಅದಕ್ಕೆ ಬೇಲಿ ಕಟ್ಟಿದಂತಾಯಿತು. ಪುಟ್ಟಿ ಬಾಗಿಲಲ್ಲಿ ನಿಂತು, "ಇನ್ನೂ ಎರಡು ಉಳಿದಿದೆ ಮಾವ, ಅದನ್ನ ಅಮ್ಮನ ತಲೆ ಮೇಲೆ ಇಡಿ," ಎಂದಳು. ಮೇಸ್ತ್ರಿ ಕೇಳಿಸದವನಂತೆ ಹೋದ.

ಮರುದಿನ ಬೆಳಿಗ್ಗೆ ಬಿಸಿಲು ಓರೆಯಾಗಿ ಅಂಗಳಕ್ಕೆ ಬಿದ್ದಿತ್ತು. ಮೇಸ್ತ್ರಿ ಒಂದು ಕುರ್ಚಿಯ ಕೀಲಿಗೆ ಅಂಟು ಹಾಕುತ್ತಿದ್ದ. ಬಟ್ಟೆಯಿಂದ ಅಂಚಿಗೆ ಕತ್ತರಿಸಿದ ಒಂದು ಚೂರು ಬಿದ್ದಿದ್ದನ್ನು ಎತ್ತಿಕೊಂಡು ಉಕ್ಕಿದ ಅಂಟನ್ನು ಒರೆಸಿ, ಮುಂದಿನ ಹಲಗೆಯ ಮೇಲೆ ಎಸೆದ. ಅದು ಬಿದ್ದಲ್ಲಿ ಕೆಂಪಾಗಿ ಕಂಡಿತು. ಮತ್ತೆ ಎತ್ತಿ ಒರೆಸಿ ಎಸೆದ. ಈ ಸಲ ಅಡ್ಡ ಬಿದ್ದು ನೀಲಿಯಾಗಿ ಕಂಡಿತು.

ಅವನ ಕೈ ನಿಂತಿತು. ಚೂರನ್ನು ಉದ್ದಕ್ಕೆ ಇಟ್ಟ, ಅಡ್ಡಕ್ಕೆ ತಿರುಗಿಸಿದ, ಮತ್ತೆ ಉದ್ದಕ್ಕೆ ಇಟ್ಟ. ಮರದಲ್ಲಿ ಅವನು ದಿನಾ ನೋಡುವ ಆಟವೇ ಇದು. ಒಂದೇ ದಿಮ್ಮಿಯಿಂದ ಕೊಯ್ದ ಎರಡು ಹಲಗೆಯಲ್ಲಿ ಒಂದನ್ನು ತಿರುವಿ ಜೋಡಿಸಿದರೆ ಒಂದು ಕಪ್ಪು, ಒಂದು ಬಿಳಿಚು ಕಾಣುತ್ತದೆ. ಬೆಳಕು ಎಳೆಯ ಮೇಲೆ ಜಾರುವ ದಿಕ್ಕು ಬೇರೆ, ಅಷ್ಟೇ. ಅದಕ್ಕೇ ಅವನು ಹಲಗೆ ಕೊಯ್ದ ಕೂಡಲೇ ಸೀಮೆಸುಣ್ಣದಿಂದ ಬಾಣ ಗೀಚಿಡುತ್ತಿದ್ದ. ಕೂರುವ ಕಡೆಗೆ ಬಟ್ಟೆಯನ್ನು ಒಂದು ದಿಕ್ಕಿಗೆ, ಬೆನ್ನಿಗೆ ಇನ್ನೊಂದು ದಿಕ್ಕಿಗೆ ಹಾಕಿದರೆ...

ಆಗ ಅವನ ಕಣ್ಣು ಶೆಡ್ಡಿನ ಕಡೆ ಹೋಯಿತು. ನೆರಳಲ್ಲಿ ಹಲಗೆಗಳು ಮನೆಯ ನಂಟರಂತೆ ಸುಖವಾಗಿ ಒರಗಿದ್ದವು. ಈ ಚೂರನ್ನು ಹೊಟ್ಟಿನ ರಾಶಿಗೆ ತಳ್ಳಿ ಸುಮ್ಮನಿದ್ದರೆ ಯಾರು ಕೇಳುತ್ತಾರೆ? ಕುರ್ಚಿಗೆ ರೆಕ್ಸಿನ್ ಹಾಕಿಸಿದರಾಯಿತು. ಎಷ್ಟು ವರ್ಷದ ಆಸೆ ಆ ಜಾಗ. ಅವನು ಚೂರನ್ನು ಮುದುರಿ ಮುಷ್ಟಿಯಲ್ಲಿ ಇಟ್ಟುಕೊಂಡು, ಏನೂ ನೋಡದವನಂತೆ ಅಂಟಿನ ಡಬ್ಬಿಯ ಮುಚ್ಚಳ ಹುಡುಕತೊಡಗಿದ.

ಶೆಡ್ಡಿನೊಳಗಿಂದ ಟಕ್ ಎಂದು ಸದ್ದಾಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್. ಮಗ್ಗದಮ್ಮ ದೊಡ್ಡ ಮಗ್ಗದ ಬೆಣೆಗಳನ್ನು ಬಿಚ್ಚುತ್ತಿದ್ದಳು. ಸದ್ದಿನಲ್ಲೇ ಮೇಸ್ತ್ರಿಗೆ ಗೊತ್ತಾಯಿತು: ದಪ್ಪ ತುದಿಯ ಕಡೆಯಿಂದ ಹೊಡೆಯುತ್ತಿದ್ದಾಳೆ, ಬೆಣೆ ಬಿಚ್ಚುವ ಬದಲು ಇನ್ನಷ್ಟು ಬಿಗಿಯುತ್ತಿದೆ. ಟಕ್. ಕಂಬ ಸೀಳುತ್ತದೆ. ಟಕ್. ಅವನಿಗೆ ತಡೆಯಲಾಗಲಿಲ್ಲ. ಎದ್ದು ಓಡಿದ.

"ನಿಲ್ಸಿ, ನಿಲ್ಸಿ! ಹೊಡೆಯೋದು ಆ ಕಡೆಯಿಂದ ಅಲ್ಲ!"

ಮಗ್ಗದಮ್ಮ ಕೊಡತಿ ಇಳಿಸಿದಳು. ಅವಳ ಕಣ್ಣು ಒದ್ದೆಯಾಗಿತ್ತೋ, ಬೆವರೋ, ಅವನು ಕೇಳಲಿಲ್ಲ. "ಹಾಗಾದ್ರೆ ನೀವೇ ಬಿಚ್ಚಿ. ನನ್ನ ಕೈಯಲ್ಲಿ ಆಗ್ತಿಲ್ಲ," ಎಂದು ಕೊಡತಿಯನ್ನು ಅವನ ಕೈಗಿಟ್ಟಳು.

ಮೇಸ್ತ್ರಿ ಕೊಡತಿ ಹಿಡಿದು ಬೆಣೆಯ ಮುಂದೆ ಕೂತ. ಸಣ್ಣ ತುದಿಗೆ ಎರಡು ಏಟು ಸಾಕು. ಬಟ್ಟೆಯ ಚೂರು ಇನ್ನೂ ಇನ್ನೊಂದು ಮುಷ್ಟಿಯಲ್ಲೇ ಇತ್ತು. ಅವನು ಬೆಣೆಯನ್ನು ನೋಡಿದ, ಹಲಗೆಗಳನ್ನು ನೋಡಿದ, ಒಂದು ದೊಡ್ಡ ಉಸಿರು ಬಿಟ್ಟ.

"ಬೆಣೆ ಹಾಗಿರ್ಲಿ," ಎಂದ ಸಿಡುಕುತ್ತ. "ಈ ಬಟ್ಟೆ ಹಿಡೀರಿ. ಹಾಗಲ್ಲ, ಬೆಳಕಿಗೆ. ಈಗ ಅಡ್ಡ ತಿರುಗಿಸಿ."

ಮಗ್ಗದಮ್ಮ ತಿರುಗಿಸಿದಳು. "ಇದರಲ್ಲೇನಿದೆ? ಎರಡು ಬಣ್ಣದ ಬಟ್ಟೆ ಹೀಗೆ ಮಿನುಗುತ್ತೆ ಅಂತ ನನಗೆ ಗೊತ್ತಿಲ್ವಾ?"

"ಗೊತ್ತಿದ್ರೆ ಹೇಳಬಾರದಿತ್ತಾ? ಹಾಸಿಗೆ... ಅಂದ್ರೆ ಕೂರೋ ಜಾಗಕ್ಕೆ ಒಂದು ದಿಕ್ಕು, ಬೆನ್ನಿಗೆ ಇನ್ನೊಂದು ದಿಕ್ಕು ಹಾಕೋಣ."

"ಬಟ್ಟೇನ ಅಡ್ಡ ಹಾಕೋದೇ?" ಅವಳಿಗೆ ನಿಜವಾಗಿ ಗಾಬರಿಯಾಯಿತು. "ಬಟ್ಟೆಗೂ ತಲೆ ಕಾಲು ಅಂತ ಇರುತ್ತೆ ಬೀಗ್ರೇ. ಯಾರಾದ್ರೂ ಕೂಸನ್ನ ಅಡ್ಡ ಎತ್ಕೋತಾರಾ?"

"ಅಳೋ ಕೂಸನ್ನ ಅಡ್ಡ ಮಲಗಿಸೇ ತಾನೆ ತೂಗೋದು?"

ಪುಟ್ಟಿಯನ್ನು ಕೂಗಿ ಕರೆದರು. ಅಂಗಳದ ಗೇಟನ್ನೇ ಡಾಕ್ಟರ ಬಾಗಿಲೆಂದು ಇಟ್ಟುಕೊಂಡು ಅವಳನ್ನು ಅಲ್ಲಿ ನಿಲ್ಲಿಸಿ, ಒಂದು ಕುರ್ಚಿಗೆ ಬಟ್ಟೆಯನ್ನು ಎರಡು ದಿಕ್ಕಿಗೂ ಹೊದಿಸಿ ಹಿಡಿದರು. ಕೂರುವ ಜಾಗ ಇಟ್ಟಿಗೆಗೂ ದಾಳಿಂಬೆಗೂ ನಡುವಿನ ಬಣ್ಣ. ಬೆನ್ನು ನೇರಳೆಯ ಪಕ್ಕದ ನೀಲಿ.

"ಕೆಂಪು ಅಂದ್ರೆ ಕೆಂಪು, ನೀಲಿ ಅಂದ್ರೆ ನೀಲಿ," ಎಂದಳು ಪುಟ್ಟಿ. ಎರಡು ಹೆಜ್ಜೆ ಪಕ್ಕಕ್ಕೆ ಸರಿದಳು. "ಅಯ್ಯೋ. ಇಲ್ಲಿಂದ ಉಲ್ಟಾ."

"ಅಲ್ಲಿ ನಿಲ್ಲಬೇಡ!" ಎಂದರು ಬೀಗರಿಬ್ಬರೂ ಒಟ್ಟಿಗೇ.

ಆಮೇಲೆ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಕೆಲಸ ಮಾಡಿದರು. ಅದು ಅವರ ಆಯುಸ್ಸಿನಲ್ಲೇ ಮೊದಲು. ಅವಳು ಕತ್ತರಿಸಿ ಅಂಚು ಮಡಿಸಿ ಕೊಟ್ಟಳು, ಅವನು ಎಳೆದು ಮೊಳೆ ಹೊಡೆದ. "ಇನ್ನೂ ಬಿಗಿ ಎಳೀರಿ" ಎಂದು ಅವನು, "ಅದು ಬಟ್ಟೆ, ಹಗ್ಗ ಅಲ್ಲ" ಎಂದು ಅವಳು. ಅಡ್ಡ ಕತ್ತರಿಸಿದ್ದರಿಂದ ಬಟ್ಟೆ ಸಾಲದೆ ಕೊನೆಯ ಕುರ್ಚಿಯ ಬೆನ್ನಿಗೆ ಎರಡು ತುಂಡು ಜೋಡಿಸಬೇಕಾಯಿತು. ಹೊಲಿಗೆ ಕಾಣದಂತೆ ಮೇಸ್ತ್ರಿ ಅದರ ಮೇಲೊಂದು ಸಣ್ಣ ಮರದ ಪಟ್ಟಿ ಕೂರಿಸಿದ. ಅದು ಎಷ್ಟು ಚೆನ್ನಾಗಿ ಕಂಡಿತೆಂದರೆ ಉಳಿದೈದಕ್ಕೂ ಕೂರಿಸದೆ ವಿಧಿಯಿಲ್ಲವಾಯಿತು.

ಕುರ್ಚಿಗಳನ್ನು ಕೈಗಾಡಿಯಲ್ಲಿ ಹೇರಿಕೊಂಡು ಹೋದ ದಿನ ಮಗ್ಗದಮ್ಮನೂ ಹಟ ಮಾಡಿ ಜೊತೆಗೆ ಹೋದಳು. ಡಾಕ್ಟರು ಹೊರಬಾಗಿಲಲ್ಲಿ ನಿಂತು ನೋಡಿದರು. ತಲೆಯಾಡಿಸಿದರು. "ನಾನು ಹೇಳಿದ್ದು ಇದನ್ನೇ," ಎಂದರು. ಮೇಸ್ತ್ರಿ ಗೋಡೆಗೆ ಒರಗಿ ಉಸಿರು ಬಿಟ್ಟ. ಅಷ್ಟರಲ್ಲಿ ಡಾಕ್ಟರು ತಮ್ಮ ಒಳಕೋಣೆಯ ಕಡೆ ನಡೆದು, ಅಲ್ಲಿಂದ ತಿರುಗಿ ನೋಡಿ, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇದೇನ್ರೀ ಮೇಸ್ತ್ರಿ? ಇಲ್ಲಿಂದ ಕೂರೋ ಕಡೆ ನೀಲಿ, ಬೆನ್ನು ಕೆಂಪು!"

"ಅದು ಹೊಸ ನಮೂನೆ ಡಾಕ್ಟ್ರೇ, ಈಗೆಲ್ಲ ಪೇಟೇಲಿ..." ಎಂದು ಮೇಸ್ತ್ರಿ ಶುರುಮಾಡಿದ.

"ನಮೂನೆ ಅಲ್ಲ," ಮಗ್ಗದಮ್ಮ ನಡುವೆ ಬಾಯಿ ಹಾಕಿದಳು. "ಬಟ್ಟೆ ಒಂದೇ. ನೀವು ಕೆಂಪು ಬೇರೆ ನೀಲಿ ಬೇರೆ ಕೇಳಿದ್ರಿ, ನಾವು ಎರಡನ್ನೂ ಸೇರಿಸಿ ನೇಯ್ದುಬಿಟ್ವಿ. ತಿರುಗಿಸಿ ಹೊಡೆದಿರೋದಕ್ಕೆ ಹಾಗೆ ಕಾಣುತ್ತೆ. ಬೇಡ ಅಂದ್ರೆ ಈಗಲೇ ಹೇಳಿಬಿಡಿ, ಗಾಡಿ ಇನ್ನೂ ಬಾಗಿಲಲ್ಲೇ ಇದೆ."

ಮೇಸ್ತ್ರಿ ಕಣ್ಣು ಮುಚ್ಚಿಕೊಂಡ. ಡಾಕ್ಟರು ಗಲ್ಲ ಕೆರೆದುಕೊಳ್ಳುತ್ತ ನಿಂತರು. ಗಾಡಿಯ ಸದ್ದು ಕೇಳಿ ಒಳಬಂದಿದ್ದ ಮೊದಲ ರೋಗಿ, ಊದಿದ ಕೆನ್ನೆಗೆ ಟವೆಲ್ಲು ಸುತ್ತಿಕೊಂಡ ಒಬ್ಬ ದಪ್ಪ ಮನುಷ್ಯ, ಯಾರನ್ನೂ ಕೇಳದೆ ಒಂದು ಕುರ್ಚಿಯಲ್ಲಿ ಕೂತುಬಿಟ್ಟಿದ್ದ. ಕೂತವನು ಪಕ್ಕದ ಕುರ್ಚಿಯನ್ನು ನೋಡುತ್ತ ತಲೆಯನ್ನು ಎಡಕ್ಕೆ ವಾಲಿಸಿದ, ಬಲಕ್ಕೆ ವಾಲಿಸಿದ, ಬಗ್ಗಿದ, ಮತ್ತೆ ಎದ್ದ.

"ಬನ್ನಿ ಒಳಗೆ, ನಿಮ್ಮನ್ನೇ," ಎಂದರು ಡಾಕ್ಟರು.

"ಒಂಮಿಶ ಡಾಟ್ರೇ," ಎಂದ ಅವನು ಊದಿದ ಬಾಯಲ್ಲಿ, ಕುರ್ಚಿಯಿಂದ ಕಣ್ಣು ತೆಗೆಯದೆ. "ಇದು ಎಲ್ಲಿ ಕೆಂಪಾಗುತ್ತೆ ಅಂತ ನೋಡ್ತಿದೀನಿ."

ಡಾಕ್ಟರು ಅವನನ್ನು ನೋಡಿದರು, ಕುರ್ಚಿಗಳನ್ನು ನೋಡಿದರು. ಅವರ ಮುಖದ ಬಿಗಿ ಸಡಿಲವಾಯಿತು. "ಹಲ್ಲು ನೋವಿನೋನು ನನ್ನನ್ನ ಕಾಯಿಸಿದ್ದು ಇದೇ ಮೊದಲು," ಎಂದರು. "ಇರ್ಲಿ ಬಿಡಿ. ಬೆಂಚಿಗೂ ಇದೇ ಬಟ್ಟೆ ಹಾಕಿ. ಆದ್ರೆ ಈ ಸಲ ಬೇಕು ಅಂತಲೇ ಮಾಡಿ."

ಹಿಂದಿರುಗುವಾಗ ಖಾಲಿ ಗಾಡಿ ದಡಬಡ ಸದ್ದು ಮಾಡುತ್ತಿತ್ತು. "ನಮೂನೆ ಅಂತ ಹೇಳ್ತಿದ್ದೆನಲ್ಲ, ಸುಮ್ಮನಿರೋಕಾಗ್ಲಿಲ್ವಾ?" ಎಂದ ಮೇಸ್ತ್ರಿ. "ಸುಳ್ಳು ಹೇಳಿ ಗೆದ್ದ ಮಗ್ಗದ ಮೇಲೆ ಕೂತು ನೇಯೋಕೆ ನನ್ನ ಕೈಲಾಗಲ್ಲ," ಎಂದಳು ಅವಳು. ಹಾಸಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಅದರಲ್ಲಿ ಯಾರೂ ಸೋಲುವವರಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಪೇಟೆಯಿಂದ ಹೊಸ ನೂಲು ಬಂದು ಹದವಾದ ಮಾರನೆಯ ಬೆಳಿಗ್ಗೆ ಮೇಸ್ತ್ರಿ ಮಗನನ್ನು ಕರೆದುಕೊಂಡು ಬಂದು, ಹಲಗೆಗಳನ್ನು ಶೆಡ್ಡಿನಿಂದ ಹೊರಕ್ಕೆ ಹೊತ್ತ. ಮಗ್ಗದಮ್ಮ ಬೆಂಚಿನ ಬಟ್ಟೆಗೆ ಆಗಲೇ ಕೆಂಪು ನೂಲು ಬಿಗಿಯುತ್ತಿದ್ದಳು. ಎಳೆಗಳನ್ನು ಜಗ್ಗಿದಾಗಲೆಲ್ಲ ದೊಡ್ಡ ಮಗ್ಗದ ಹಿಂದಿನ ಕಾಲು ಕೊಂಚ ಎದ್ದು ಕೂರುತ್ತಿತ್ತು. ಬೆಣೆಗೆ ತಪ್ಪು ಕಡೆಯಿಂದ ಬಿದ್ದ ಏಟುಗಳಿಂದ ಚೌಕಟ್ಟು ಸ್ವಲ್ಪ ಓರೆಯಾಗಿತ್ತು. ಅಲ್ಲಾಡುವ ಕಾಲನ್ನು ಕಂಡರೆ ಬಡಗಿಗೆ ಮೈಯೆಲ್ಲ ತುರಿಕೆ. ಮೇಸ್ತ್ರಿ ಹೊತ್ತಿದ್ದ ಹಲಗೆಯನ್ನು ಹಾಗೇ ಇಳಿಸಿ, ಮೊಣಕಾಲೂರಿ, ಅದನ್ನು ಎರಡು ಕಾಲುಗಳ ಕೆಳಕ್ಕೆ ತಳ್ಳಿ, ಬೆಣೆಗಳನ್ನು ಸರಿಯಾಗಿ ಹೊಡೆದು, ಕಂಬ ಹಿಡಿದು ಅಲುಗಿಸಿ ನೋಡಿದ. ಮಗ್ಗ ಬಂಡೆಯ ಹಾಗೆ ನಿಂತಿತು.

ಎದ್ದು ಕೈ ಕೊಡವಿಕೊಂಡ ಮೇಲೆ ಅವನಿಗೆ ಹೊಳೆಯಿತು. ತಳ್ಳಿದ್ದು ತೇಗದ ಹಲಗೆ. ಒಂದೇ ಒಂದು ಗಂಟಿಲ್ಲದ್ದು, ತನ್ನ ಮನೆಯ ಬಾಗಿಲಿಗೆಂದು ತೆಗೆದಿಟ್ಟದ್ದು.

"ಅಯ್ಯೋ, ಅದು ನನ್ನ ಬಾಗಿಲು!" ಎಂದ.

"ನಾನು ಕೇಳಿದ್ನಾ?" ಮಗ್ಗದಮ್ಮ ತಲೆ ಎತ್ತದೆ ಇನ್ನೊಂದು ಎಳೆ ಬಿಗಿದಳು. "ಈಗ ತೆಗೆದ್ರೆ ಹಾಕಿದ ನೂಲೆಲ್ಲ ಸಡಿಲ ಆಗುತ್ತೆ. ಸಾಲ ಅಂತ ಬರ್ಕೊಳ್ಳಿ."

"ಯಾವಾಗ ತೀರಿಸ್ತೀರಿ?"

"ಈ ಮಗ್ಗದ ಸದ್ದು ನಿಂತ ದಿನ ತಗೊಂಡು ಹೋಗಿ ಬೀಗ್ರೇ."

ಮೇಸ್ತ್ರಿ ಬಾಗಿಲವರೆಗೆ ಹೋಗಿದ್ದ. ಅಲ್ಲೇ ನಿಂತು ಒಮ್ಮೆ ಹಲಗೆಯನ್ನೂ ಒಮ್ಮೆ ಅವಳನ್ನೂ ನೋಡಿದ.

"ಹಾಗಾದ್ರೆ ಬೇಡ ಬಿಡಿ," ಎಂದು ಗೊಣಗಿ, ಉಳಿದ ಹಲಗೆ ಹೊರಲು ಬಗ್ಗಿದ.